ಮಿತಾಹಾರದ ಜಮಾ-ಖರ್ಚು

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಎಷ್ಟು ಉಂಡರೆ ಊಟ ಬಲ್ಲಂತಾಯಿತು ಎಂಬುದನ್ನು ಅರಿತವರು ವಿರಳ.

ಮೈತೂಕ ಇಳಿಸಹೊರಟ ಗೃಹಿಣಿ ಮೊದಲು ಬಿಡುವುದು ರಾತ್ರಿಯ ಊಟವನ್ನು. ಮೂರು ದಿನ ವ್ರತ ನಿಷ್ಠೆಯಿಂದ ಸಾಗುತ್ತದೆ. ನಾಲ್ಕನೆಯ ದಿನ ತಲೆ ಸುತ್ತುತ್ತದೆ. ಐದನೆಯ ದಿನ ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ, ಡಬ್ಬಿಯ ತಳದ ಚಕ್ಕುಲಿ ಎಲ್ಲವೂ ಸದ್ದಿಲ್ಲದೆ ಹೊಟ್ಟೆ ಸೇರುತ್ತವೆ. ಮನಸ್ಸಿಗೆ ಹಿಡಿತವಿಲ್ಲವೆಂಬ ಕೊರಗು ಬೇರೆ! ವಾಸ್ತವವಾಗಿ ತಪ್ಪಿರುವುದು ಮನಸ್ಸಲ್ಲ, ಲೆಕ್ಕ.

ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾದ ಶಾಖವೇ ಆಹಾರದ ಮಾತಿನಲ್ಲಿ ಒಂದು ಕ್ಯಾಲರಿ. ಈ ಶಬ್ದವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಪ್ರಮುಖರು. 1918ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಆಕೆ ದಿನಕ್ಕೆ 1,200 ಕ್ಯಾಲರಿಯ ಮಿತಿಯನ್ನು ಹೇಳಿದ್ದರು. ಆ ಅಂಕೆ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಆದರೆ ನೆರೆಮನೆಯವರ ರವಿಕೆ ಎಲ್ಲರ ಮೈಗೂ ಒಪ್ಪೀತೆ?

ಅವರವರ ಅಳತೆಯನ್ನು ಅವರವರೇ ತೆಗೆಯಬೇಕು. ಅದಕ್ಕೆ ಮಿಫ್ಲಿನ್, ಸೇಂಟ್ ಜಿಯೋರ್ ಮೊದಲಾದವರು 1990ರಲ್ಲಿ ಪ್ರಕಟಿಸಿದ ಸೂತ್ರವೊಂದುಂಟು. ತೂಕದ ಕಿಲೋಗಳನ್ನು 10ರಿಂದಲೂ, ಎತ್ತರದ ಸೆಂಟಿಮೀಟರುಗಳನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಬೇಕು. ಬಳಿಕ ಸ್ತ್ರೀಯರು 161 ಕಳೆಯಬೇಕು. ಪುರುಷರು 5 ಕೂಡಿಸಬೇಕು. ಸುಮ್ಮನೆ ಮಲಗಿದ್ದರೂ ದೇಹಕ್ಕೆ ತಗಲುವ ದಿನವೆಚ್ಚ ಇದರಿಂದ ದೊರೆಯುತ್ತದೆ.

ನಲವತ್ತು ವರ್ಷದ, 155 ಸೆಂಟಿಮೀಟರ್ ಎತ್ತರದ, 68 ಕಿಲೋ ತೂಕದ ಗೃಹಿಣಿಯೊಬ್ಬಳಿಗೆ ಈ ವೆಚ್ಚ ಸುಮಾರು 1,290 ಕ್ಯಾಲರಿ. ದಿನವೆಲ್ಲ ಕುಳಿತೇ ಇರುವವರು ಇದನ್ನು 1.2ರಿಂದಲೂ, ಸ್ವಲ್ಪ ನಡೆದಾಡುವವರು 1.375ರಿಂದಲೂ ಗುಣಿಸುವುದು ರೂಢಿ. ಈಕೆ ಎರಡನೆಯ ಗುಂಪಿನವಳಾದರೆ ಒಟ್ಟು ಖರ್ಚು ಸುಮಾರು 1,770. ಅದರಲ್ಲಿ 370 ಕಡಿಮೆ ಮಾಡಿ ದಿನಕ್ಕೆ 1,400 ಎಂದಿಟ್ಟುಕೊಂಡರೆ ಹಸಿವಿನ ಹಿಂಸೆಯಿಲ್ಲದೆ ವ್ರತ ನಡೆದೀತು. ಒಂದು ಕಿಲೋ ಮೈಕೊಬ್ಬು ಸುಮಾರು 7,700 ಕ್ಯಾಲರಿಗೆ ಸಮ. ಆದ್ದರಿಂದ ಕಾಗದದ ಮೇಲೆ ಮೂರು ವಾರಕ್ಕೆ ಒಂದು ಕಿಲೋ ಇಳಿಯಬೇಕು. ನಿಧಾನವೆನಿಸಿದರೂ ಉಳಿಯುವ ಇಳಿಕೆ ಇದೇ.

ಇನ್ನು ಖರ್ಚು ಸೋರಿಹೋಗುವ ಸ್ಥಳ ಅಡಿಗೆಮನೆ. ಪಿಷ್ಟಕ್ಕೂ ಸಸಾರಜನಕಕ್ಕೂ ಗ್ರಾಮಿಗೆ 4 ಕ್ಯಾಲರಿಯಾದರೆ, ಎಣ್ಣೆ-ತುಪ್ಪಗಳಿಗೆ 9. ಒಗ್ಗರಣೆಗೆ ಅಂದಾಜಿನಲ್ಲಿ ಸುರಿದ ಎಣ್ಣೆಯಲ್ಲಿ ಒಬ್ಬರ ಪಾಲಿಗೆ ಮೂರು ಚಮಚ ಹೆಚ್ಚು ಬಂದರೆ 135 ಕ್ಯಾಲರಿ ಲೆಕ್ಕಕ್ಕೆ ಸಿಗದೆ ಸೇರಿಹೋಗುತ್ತದೆ. ಎರಡೆರಡು ಚಮಚ ಸಕ್ಕರೆ ಬೆರೆಸಿದ ಎರಡು ಲೋಟ ಕಾಫಿಯಲ್ಲಿ, ಹಾಲನ್ನು ಬಿಟ್ಟು, ಸಕ್ಕರೆಯದೇ 80. ಊಟ ಬಿಡುವುದಕ್ಕಿಂತ ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಲೇಸು. ಅನ್ನವನ್ನು ಒಂದು ಹಿಡಿ ತಗ್ಗಿಸಿ, ಹುಳಿಯಲ್ಲಿ ಬೇಳೆ-ತರಕಾರಿಗಳನ್ನು ಹೆಚ್ಚಿಸಿದರೆ ಹೊಟ್ಟೆಯೂ ತುಂಬುತ್ತದೆ.

ಆರು ಕಿಲೋ ಇಳಿದ ಮೇಲೆ ಕೆಲವರಿಗೆ ತೂಕದ ಮುಳ್ಳು ಹಟಹಿಡಿದಂತೆ ತೋರುತ್ತದೆ. ಅದಕ್ಕೂ ಕಾರಣವಿದೆ. ಅದೇ ಗೃಹಿಣಿ 62 ಕಿಲೋಗೆ ಬಂದಾಗ ಅವಳ ದಿನದ ಖರ್ಚು ಸುಮಾರು 1,690ಕ್ಕೆ ಇಳಿದಿರುತ್ತದೆ. ಮೊದಲಿನ 370ರ ಉಳಿತಾಯ 290 ಮಾತ್ರವಾಗುತ್ತದೆ. ಸಂಸಾರ ಚಿಕ್ಕದಾದಾಗ ಮನೆಯ ಖರ್ಚೂ ತಗ್ಗುವುದಿಲ್ಲವೆ? ಆಗ ಹೊಸದಾಗಿ ಲೆಕ್ಕ ಹಾಕಬೇಕು. ಊಟವನ್ನು ಇನ್ನೂ ಕತ್ತರಿಸುವ ಬದಲು ಸಂಜೆಯ ನಡಿಗೆಯನ್ನು ಹೆಚ್ಚಿಸಬೇಕು.

ಸೂತ್ರವು ಅಂದಾಜೇ ಹೊರತು ಶಾಸನವಲ್ಲ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ, ಒಂದು ತಿಂಗಳು ಗಮನಿಸಿ ತಿದ್ದಿಕೊಳ್ಳಬೇಕು. ಗರ್ಭಿಣಿಯರೂ ಬಾಣಂತಿಯರೂ ಬೆಳೆಯುವ ಮಕ್ಕಳೂ ಈ ಸಾಹಸಕ್ಕೆ ಕೈಹಾಕಬಾರದು. ಸಿಹಿಮೂತ್ರಕ್ಕೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಕುಸಿದು ಅಪಾಯವಾದೀತು.

ಮನೆಯವರೆಲ್ಲರಿಗೂ ಅಳೆದು ಬಡಿಸುವ ಕೈ ತನ್ನ ತಟ್ಟೆಗೂ ಅಳೆದು ಬಡಿಸಲಿ. ಉಪವಾಸದಿಂದ ತನ್ನನ್ನು ದಂಡಿಸಿಕೊಳ್ಳುವುದೂ ಬೇಡ. ಉಳಿದದ್ದೆಲ್ಲ ತನ್ನ ಪಾಲೆಂದು ಉಣ್ಣುವುದೂ ಬೇಡ.