ಹೊಗೆಗೆ ಎಮಿಷನ್ ಟೆಸ್ಟ್ ಇದೆ, ಸ್ಟೀರಿಂಗ್ ನೋಡೋರು ಯಾರು? ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಪಾಡು

ಕೆ.ಆರ್.ಪುರ: ನಮ್ಮ ಮಾವ 2014ರ ಮಾಡೆಲ್‌ನ ಒಂದು ಸೆಡಾನ್ ತಗೊಂಡರು. ಪೆಟ್ರೋಲ್, ಮ್ಯಾನುವಲ್ ಗೇರ್, ಬೆಲೆ 3 ಲಕ್ಷದ 40 ಸಾವಿರ. ಮೀಟರ್‌ನಲ್ಲಿ 62 ಸಾವಿರ ಕಿಲೋಮೀಟರ್. ಆರ್‌ಸಿ ಸರಿಯಾಗಿತ್ತು, ಇನ್ಶೂರೆನ್ಸ್ ಇತ್ತು, ಎಮಿಷನ್ ಸರ್ಟಿಫಿಕೇಟ್ ಅಂತೂ ಹೊಚ್ಚ ಹೊಸದು. ಮಾರಿದವರ ಹೆಸರು, ಕಾರಿನ ಕಂಪನಿ ಹೆಸರು ಇಲ್ಲಿ ಬೇಡ. ಈ ಕತೆ ಯಾವ ಕಂಪನಿಯ ಗಾಡಿಗಾದರೂ ಹೊಂದುತ್ತೆ.

ಮೂರನೇ ವಾರಕ್ಕೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ಫಸ್ಟ್ ಗೇರ್ ಬೀಳಲೇ ಇಲ್ಲ. ಹಿಂದೆ ಬಸ್ಸಿನವನ ಹಾರ್ನ್, ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಲ್ಲಿ ಇಬ್ಬರು ಮಕ್ಕಳು. ಹೇಗೋ ಸೈಡಿಗೆ ತಂದರು. ಆಮೇಲೆ ನೋಡಿದರೆ ಗಾಡಿ ಎಡಕ್ಕೆ ಎಳೀತಿದೆ, ಹಂಪ್ ಹತ್ತಿಸಿದಾಗಲೆಲ್ಲ ಕೆಳಗಿನಿಂದ 'ಟಕ್' ಅನ್ನುತ್ತೆ, ಒಮ್ಮೊಮ್ಮೆ ಸ್ಟೀರಿಂಗ್ ಲೈಟೂ ಉರಿಯುತ್ತೆ. ದೊಡ್ಡ ವರ್ಕ್‌ಶಾಪ್ ಒಂದರಲ್ಲಿ ಎಸ್ಟಿಮೇಟ್ ಹಾಕಿಸಿದರೆ ಗೇರ್ ಬಾಕ್ಸ್ ಬದಲಿಸಬೇಕು, ಸ್ಟೀರಿಂಗ್ ರ್ಯಾಕ್ ಬದಲಿಸಬೇಕು, ಒಟ್ಟು 1 ಲಕ್ಷದ 14 ಸಾವಿರ ಅಂದರು. ಅಂದ್ರೆ ಕಾರಿಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗ.

ಅಲ್ಲಿಂದ ಗಾಡಿ ಹಲಸೂರಿನ ಒಂದು ಹಳೇ ಗ್ಯಾರೇಜಿಗೆ ಹೋಯ್ತು. ಅಲ್ಲಿಯ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಂಜಿನ್ ಆಫ್ ಮಾಡಿ ಐದೂ ಗೇರ್ ಹಾಕಿ ನೋಡಿದರು, ಬೆಣ್ಣೆ ಹಾಗೆ ಬಿದ್ದವು. ಇಂಜಿನ್ ಆನ್ ಮಾಡಿ ಹಾಕಿದರೆ ಬೀಳಲ್ಲ, ರಿವರ್ಸ್ ಕಿರ್ರ್ ಅನ್ನುತ್ತೆ. ಹೀಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಗೇರ್ ಬಾಕ್ಸ್ ಅಲ್ಲ, ಕ್ಲಚ್. ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ, ಇಂಜಿನ್ ತಿರುಗೋದು ಗೇರ್ ಬಾಕ್ಸಿಗೆ ತಲುಪ್ತಾನೇ ಇದೆ. ಬಿಚ್ಚಿದಾಗ ಪ್ಲೇಟ್ ಸವೆದು ರಿವೆಟ್ ಕಾಣ್ತಿತ್ತು, ರಿಲೀಸ್ ಬೇರಿಂಗ್ ಒಣಗಿ ಹೋಗಿತ್ತು.

62 ಸಾವಿರಕ್ಕೆ ಹೀಗಾಗುತ್ತಾ? ಈ ಊರಲ್ಲಿ ಆಗಲೂಬಹುದು. 2024ರ ಟಾಮ್‌ಟಾಮ್ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕು. ಇಂದಿರಾನಗರದ 100 ಅಡಿ ರಸ್ತೆಯಲ್ಲಿ, ಹಳೇ ಮದ್ರಾಸ್ ರಸ್ತೆಯಲ್ಲಿ ಹಾಫ್ ಕ್ಲಚ್‌ನಲ್ಲೇ ಇಂಚಿಂಚು ತೆವಳಿದ ಗಾಡಿಗೆ ಕಿಲೋಮೀಟರ್ ಲೆಕ್ಕ ಅರ್ಧ ಸುಳ್ಳು. ಆದರೆ ನಮ್ಮ ಮಾವನ ಗಾಡಿಯ ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿತ್ತು, ಸ್ಟೀರಿಂಗ್ ವೀಲ್ ಮೇಲಿನ ಸಿಪ್ಪೆ ಎದ್ದಿತ್ತು. ಮೀಟರನ್ನೇ ಹಿಂದಕ್ಕೆ ತಿರುಗಿಸಿದ್ದಾರೆ ಅನ್ನೋದು ನನ್ನ ಅನುಮಾನ. ಅನುಮಾನ ಅಷ್ಟೇ, ಕೈಯಲ್ಲಿ ಸರ್ವಿಸ್ ಬುಕ್ ಇಲ್ಲದೆ ಅದನ್ನ ತೋರಿಸೋಕೆ ಆಗಲ್ಲ.

ಸ್ಟೀರಿಂಗ್ ಕತೆಯೂ ಹಾಗೇ. ಲೈಟ್ ಉರಿದಿದ್ದು ಬ್ಯಾಟರಿ ವೀಕ್ ಆಗಿದ್ದಕ್ಕೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಮೋಟಾರ್ ಒಮ್ಮೆಗೇ ತುಂಬಾ ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಬಿದ್ದರೆ ಅದು ದೂರು ಹೇಳುತ್ತೆ. 'ಟಕ್' ಅಂತಿದ್ದದ್ದು ಲೋವರ್ ಆರ್ಮ್ ಬುಷ್, ಎಡಕ್ಕೆ ಎಳೀತಿದ್ದದ್ದು ಟೈ ರಾಡ್ ಎಂಡ್‌ನಲ್ಲಿ ಪ್ಲೇ ಬಂದು ಅಲೈನ್‌ಮೆಂಟ್ ಕೆಟ್ಟಿದ್ದಕ್ಕೆ. ರ್ಯಾಕ್ ಸರಿಯಾಗೇ ಇತ್ತು. ಕ್ಲಚ್ ಸೆಟ್, ಬ್ಯಾಟರಿ, ಬುಷ್, ಟೈ ರಾಡ್ ಎಂಡ್, ಗೇರ್ ಆಯಿಲ್, ಅಲೈನ್‌ಮೆಂಟ್, ಕೂಲಿ ಎಲ್ಲಾ ಸೇರಿ 27 ಸಾವಿರ ಚಿಲ್ಲರೆ. ಥರ್ಡ್ ಗೇರ್ ಇನ್ನೂ ಸ್ವಲ್ಪ ಕಿರುಗುಟ್ಟುತ್ತೆ, ಸಿಂಕ್ರೊನೈಸರ್ ಸವೆದಿದೆ. ಅದಕ್ಕೆ ಬಾಕ್ಸ್ ಇಳಿಸಿ ಬಿಚ್ಚಬೇಕು. ಸದ್ಯಕ್ಕೆ ಬೇಡ, ನಿಧಾನವಾಗಿ ಹಾಕಿ ಅಂದರು.

ನಡುವೆ ಶಿವಾಜಿನಗರದ ಗುಜರಿಗೂ ಹೋಗಿ ಬಂದೆವು. ರಸೆಲ್ ಮಾರ್ಕೆಟ್ ದಾಟಿ ಒಳಗಿನ ಗಲ್ಲಿಗಳಿಗೆ ಹೋದರೆ ಕಾರಿನ ಬಾಗಿಲು, ಬಂಪರ್, ಇಂಜಿನ್, ಗೇರ್ ಬಾಕ್ಸ್ ರಾಶಿ ರಾಶಿ. ಉರ್ದು, ತಮಿಳು, ಕನ್ನಡ ಮೂರೂ ಸೇರಿಸಿ ಚೌಕಾಸಿ. ಕಂಪನಿಯೇ ದೇಶ ಬಿಟ್ಟು ಹೋದ ಗಾಡಿಗಳಿಗೆ ಇದೇ ಗತಿ. ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರು ತಯಾರಿಕೆ ನಿಲ್ಲಿಸೋದಾಗಿ ಹೇಳಿತು. ಅಂಥ ಗಾಡಿ ಇಟ್ಟುಕೊಂಡವರು ಶಿವಾಜಿನಗರವನ್ನ ಬೈಯೋ ಹಾಗಿಲ್ಲ.

ಆದರೆ ಒಂದು ಮಾತು. ಗುಜರಿಯಿಂದ ಗೇರ್ ಬಾಕ್ಸ್ ತನ್ನಿ, ಬಾಗಿಲು ತನ್ನಿ. ಟೈ ರಾಡ್, ಬಾಲ್ ಜಾಯಿಂಟ್, ಸ್ಟೀರಿಂಗ್ ರ್ಯಾಕ್ ಮಾತ್ರ ಬೇಡ. ಹಳೇ ಗೇರ್ ಬಾಕ್ಸ್ ಕೈ ಕೊಟ್ಟರೆ ಸಾಮಾನ್ಯವಾಗಿ ಗಾಡಿ ನಿಲ್ಲುತ್ತೆ. ಟೈ ರಾಡ್ ಕಳಚಿದರೆ ಒಂದು ಚಕ್ರ ನಿಮ್ಮ ಮಾತು ಕೇಳೋದಿಲ್ಲ, ಗಾಡಿ ಓಡ್ತಾನೇ ಇರುತ್ತೆ. ಎಷ್ಟೋ ಗಾಡಿಗಳಲ್ಲಿ ಪವರ್ ಸ್ಟೀರಿಂಗ್ ಯೂನಿಟ್ ಬದಲಿಸಿದರೆ ಕಂಪ್ಯೂಟರ್‌ನಲ್ಲಿ ಮತ್ತೆ ಸೆಟ್ ಮಾಡಬೇಕು, ಅದೂ ಇನ್ನೊಂದು ಖರ್ಚು. ಇಷ್ಟಕ್ಕೂ 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಹೊಸದನ್ನೇ ಬಿಲ್ ಹಾಕಿಸಿ ತಗೊಳ್ಳಿ. ಬಿಲ್ ಇಲ್ಲದ ಹಳೇ ಮಾಲು ಕದ್ದದ್ದು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕೊಂಡವರ ಬೆನ್ನಿಗೂ ಬೀಳುತ್ತೆ.

ಈಗ ಅಸಲಿ ಪ್ರಶ್ನೆಗೆ ಬರೋಣ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬಿಳಿ ಬೋರ್ಡ್ ಕಾರಿಗೆ ಮೊದಲ ನೋಂದಣಿಯೇ 15 ವರ್ಷ ನಡೆಯುತ್ತೆ. ಅಷ್ಟರೊಳಗೆ ಗಾಡಿ ಮೂರು ಕೈ ಬದಲಾದರೂ ಫಾರಂ 29, ಫಾರಂ 30, ಇನ್ಶೂರೆನ್ಸ್, ಎಮಿಷನ್ ಅಂತ ಕಾಗದ ಓಡಾಡುತ್ತೆ. ಹೊಗೆ ಮಾತ್ರ ತಪ್ಪದೆ ನೋಡ್ತಾರೆ. ಕ್ಲಚ್, ಬ್ರೇಕ್, ಸ್ಟೀರಿಂಗ್ ನೋಡಿ ಅಂತ ಮಾಲೀಕತ್ವ ಬದಲಾವಣೆಯ ನಿಯಮ ಹೇಳೋದಿಲ್ಲ.

2023ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಳೇ ಗಾಡಿ ಡೀಲರ್‌ಗಳಿಗೆ ಅಧಿಕೃತ ಪತ್ರ ಬೇಕು, ಗಾಡಿ ಅವರ ಕೈಗೆ ಬಂದದ್ದನ್ನ ಫಾರಂ 29ಸಿ ಮೂಲಕ ತಿಳಿಸಬೇಕು, ಮಾರೋ ತನಕ ಅವರೇ ಮಾಲೀಕರು ಅಂತ ಲೆಕ್ಕ. ಒಳ್ಳೇದೇ. ಆದರೆ ಅದು ಗಾಡಿ ಯಾರದು ಅಂತ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ. ಜಿಎಸ್‌ಟಿ ಕೌನ್ಸಿಲ್ 2024ರ ಡಿಸೆಂಬರ್‌ನಲ್ಲಿ ಡೀಲರ್‌ನ ಲಾಭದ ಮೇಲೆ 18 ಪರ್ಸೆಂಟ್ ಅಂತ ಮಾಡಿತು. ತೆರಿಗೆಯ ಲೆಕ್ಕ ಪಕ್ಕಾ ಇದೆ, ಟೈ ರಾಡ್‌ನ ಲೆಕ್ಕ ಯಾರ ಹತ್ತಿರಾನೂ ಇಲ್ಲ.

ಈ ಭಾಗದವರಿಗೆ ಇನ್ನೊಂದು ಭಯ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ, ಮಹದೇವಪುರ, ಯಮಲೂರು ಕಡೆ ಕಾರುಗಳು ಮುಳುಗಿದ್ದನ್ನ ಎಲ್ಲರೂ ನೋಡಿದ್ದೇವೆ. ಮುಳುಗಿದ ಗಾಡಿಯ ಗೇರ್ ಬಾಕ್ಸಿಗೆ ನೀರು ಹೊಕ್ಕಿದ್ದರೆ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತೆ. ಸ್ಟೀರಿಂಗ್ ಮೋಟಾರ್‌ನ ಕನೆಕ್ಟರ್‌ಗೆ ಹಸಿರು ತುಕ್ಕು ಹಿಡಿದು ತಿಂಗಳುಗಟ್ಟಲೆ ಆದಮೇಲೆ ಕೈ ಕೊಡುತ್ತೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ, ಸ್ಪೇರ್ ಟೈರ್ ಎತ್ತಿ ಕೆಳಗೆ ನೋಡಿ.

ಮಾರಿದವರು ಡೀಲರ್ ಆಗಿದ್ದು ಬಿಲ್ ಕೊಟ್ಟಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷದೊಳಗಿನ ಗಾಡಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಮುಂದೆ ಇಡೋಕೆ ಬಿಲ್ ಬೇಕು, ವಾಟ್ಸಾಪ್‌ನಲ್ಲಿ 'ಗಾಡಿ ಸೂಪರ್ ಕಂಡಿಷನ್' ಅಂತ ಕಳಿಸಿದ ಮೆಸೇಜೂ ಇದ್ದರೆ ಒಳ್ಳೇದು. ಡಿಲೀಟ್ ಮಾಡಬೇಡಿ. ನಮ್ಮ ಮಾವ ತಗೊಂಡಿದ್ದು ಬ್ರೋಕರ್ ಮೂಲಕ, ಕೈಗೆ ಕೈ ದುಡ್ಡು ಕೊಟ್ಟು. ಬಿಲ್ ಇಲ್ಲ.

ಮೊನ್ನೆ ಹೊಸ ಆರ್‌ಸಿ ಕಾರ್ಡ್ ಪೋಸ್ಟ್‌ನಲ್ಲಿ ಬಂತು, ಮಾವನ ಹೆಸರು ತಪ್ಪಿಲ್ಲದೆ ಬಂದಿದೆ. ನೋಂದಣಿ 2029ರ ತನಕ ಊರ್ಜಿತ.