ಕೂತರೆ ಸಾಕಾ? ಇಂಜೆಕ್ಟರ್ ಅದಲು-ಬದಲು ಮಾಡೋರಿಗೆ ಒಂದು ಮಾತು

1/7
ಮೊದಲನೇ ಫೋಟೊ ನೋಡಿ. ಅಕ್ಕಪಕ್ಕ ಎರಡು ಇಂಜೆಕ್ಟರ್. ಉದ್ದ ಒಂದೇ, ಕನೆಕ್ಟರ್ ಒಂದೇ, ಕ್ಲ್ಯಾಂಪ್ ಕೂರುವ ಜಾಗವೂ ಒಂದೇ. ಒಂದು ಈ ಗಾಡಿಯದ್ದು, ಇನ್ನೊಂದು ಗುಜರಿಯಿಂದ ಬಂದ ಬೇರೆ ಕಂಪನಿ ಗಾಡಿಯದ್ದು. ಬರೀ ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ನನಗೂ ಹೇಳೋಕಾಗಲ್ಲ.

ಎರಡನೇ ಫೋಟೊ: ತಲೆಯಲ್ಲಿ ತೂತು ಬಿದ್ದ ಪಿಸ್ಟನ್.

ಮೊದಲನೇ ಫೋಟೊದಿಂದ ಎರಡನೇ ಫೋಟೊಗೆ ಬರೋಕೆ ಬೇಕಾಗಿದ್ದು ಹನ್ನೊಂದು ದಿನ ಮತ್ತು ಒಂದು ಘಾಟಿ.

ಗಾಡಿ ಒಬ್ಬ ಟ್ಯಾಕ್ಸಿ ಡ್ರೈವರ್‌ದು. ಹಾಸನದಿಂದ ಮಂಗಳೂರು ಏರ್‌ಪೋರ್ಟ್‌ಗೆ ಬಾಡಿಗೆ ಹೊಡೀತಾನೆ. ಮನೆಯಲ್ಲಿ ದುಡಿಯೋನು ಅವನೊಬ್ಬನೇ, ಸಾಲ ಇನ್ನೂ ತೀರಿಲ್ಲ. ಒಂದು ಇಂಜೆಕ್ಟರ್ ಹೋಗಿತ್ತು. ಒಂದು ಕಡೆ ತೋರಿಸಿದಾಗ "ಅದೇ ಇಂಜಿನ್ ಅಣ್ಣಾ, ಅದೇ ಇಂಜೆಕ್ಟರ್, ಹೊಸದಕ್ಕೆ ಯಾಕೆ ಸುಮ್ನೆ ದುಡ್ಡು ಸುರೀತೀರ" ಅಂದ್ರಂತೆ. ಹಾಕಿದ್ರು. ಸ್ಟಾರ್ಟ್ ಆಯ್ತು. ಹನ್ನೊಂದನೇ ದಿನ ವಾಪಸ್ ಬರುವಾಗ ಶಿರಾಡಿ ಹತ್ತುತ್ತಾ ಟಕಟಕ ಶಬ್ದ, ಬಿಳಿ ಹೊಗೆ, ಆಮೇಲೆ ಏನೂ ಇಲ್ಲ. ನಮ್ಮ ಗ್ಯಾರೇಜಿಗೆ ಬಂದಿದ್ದು ಹಗ್ಗ ಕಟ್ಟಿಸಿಕೊಂಡು.

2/7
"ಅದೇ ಇಂಜಿನ್" ಅನ್ನೋದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ.

ಫಿಯೆಟ್‌ನ 1.3 ಮಲ್ಟಿಜೆಟ್ ತಗೊಳ್ಳಿ. 1248 ಸಿಸಿ. ಸ್ವಿಫ್ಟ್, ಡಿಸೈರ್, ರಿಟ್ಜ್‌ನಲ್ಲಿ ಅದೇ. ಇಂಡಿಕಾ ವಿಸ್ಟಾ, ಮಾಂಜಾದಲ್ಲಿ ಅದೇ. ಪುಂಟೊ, ಲಿನಿಯಾದಲ್ಲೂ ಅದೇ. ನಮ್ಮ ರಸ್ತೆಗಳ ಅರ್ಧ ಟ್ಯಾಕ್ಸಿ ಸ್ಟ್ಯಾಂಡು ಒಂದು ಕಾಲಕ್ಕೆ ಇದೇ ಇಂಜಿನ್ ಮೇಲೆ ನಿಂತಿತ್ತು.

ಆದರೆ ಆ ಒಂದೇ ಬ್ಲಾಕ್‌ನಲ್ಲಿ 75 ಪಿಎಸ್ ಇದೆ, 90 ಪಿಎಸ್ ಇದೆ. ಟರ್ಬೊ ಬೇರೆ. ಬಿಎಸ್3 ಇದೆ, ಬಿಎಸ್4 ಇದೆ. ಪ್ರತಿ ಕಂಪನಿ ಬರೆಸಿದ ಇಸಿಯು ಮ್ಯಾಪ್ ಬೇರೆ. ಒಂದೇ ತಾಯಿಯ ಮಕ್ಕಳು ಅಂತ ಒಬ್ಬನ ಕನ್ನಡಕ ಇನ್ನೊಬ್ಬನಿಗೆ ಹಾಕ್ತೀರಾ? ಕಿವಿ ಮೇಲೆ ಚೆನ್ನಾಗಿಯೇ ಕೂರುತ್ತೆ. ರಸ್ತೆ ಕಾಣಲ್ಲ, ಅಷ್ಟೇ.

3/7
ಈ ಪುಟ್ಟ ಸಾಮಾನು ಮಾಡೋ ಕೆಲಸ ಎಂಥದ್ದು ಅಂತ ಸ್ವಲ್ಪ ಲೆಕ್ಕ ಹಾಕೋಣ.

ನಿಮ್ಮ ಟಯರ್‌ನಲ್ಲಿರೋ ಗಾಳಿ ಎರಡು ಬಾರ್ ಚಿಲ್ಲರೆ. ಕಾಮನ್ ರೈಲ್ ಡೀಸೆಲ್‌ನಲ್ಲಿ ಲೋಡ್ ಬಿದ್ದಾಗ ಸಾವಿರ ಬಾರ್ ದಾಟುತ್ತೆ. (ಅದಕ್ಕೇ ಲೀಕ್ ಇದೆಯಾ ಅಂತ ಯಾವತ್ತೂ ಕೈ ಇಟ್ಟು ನೋಡಬೇಡಿ. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಕೈಯನ್ನೇ ಕಳಕೊಳ್ಳಬೇಕಾಗುತ್ತೆ.)

ಕಣ್ಣಿಗೆ ಬಿಡೋ ಔಷಧಿಯ ಒಂದು ಹನಿ ಸುಮಾರು 50 ಘನ ಮಿಲಿಮೀಟರ್. ಇಂಜೆಕ್ಟರ್ ಮೊದಲು ಬಿಡೋ ಪೈಲಟ್ ಇಂಜೆಕ್ಷನ್ ಒಂದೆರಡು ಘನ ಮಿಲಿಮೀಟರ್. ಅಂದರೆ ಒಂದು ಹನಿಯನ್ನು ಇಪ್ಪತ್ತೈದು, ಐವತ್ತು ಭಾಗ ಮಾಡಿ ಅದರಲ್ಲಿ ಒಂದು ಭಾಗ. ಇಂಜಿನ್ 2000 ಆರ್‌ಪಿಎಂನಲ್ಲಿ ಓಡ್ತಿದ್ರೆ ಒಂದು ಸಿಲಿಂಡರ್‌ನಲ್ಲಿ ನಿಮಿಷಕ್ಕೆ ಸಾವಿರ ಸಲ ಈ ಕೆಲಸ, ಪ್ರತಿ ಸಲವೂ ಪೈಲಟ್, ಆಮೇಲೆ ಮೇನ್.

ಇಷ್ಟು ಸಣ್ಣ ಅಳತೆಯಲ್ಲಿ ಎರಡು ಇಂಜೆಕ್ಟರ್ ಹುಟ್ಟುವಾಗಲೇ ಒಂದೇ ಥರ ಇರಲ್ಲ. ಅದು ಕಂಪನಿಗೂ ಗೊತ್ತು. ಅದಕ್ಕೇ ಪ್ರತಿಯೊಂದನ್ನೂ ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡಿ, ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಬಿಡುತ್ತೆ ಅನ್ನೋದನ್ನ ತಲೆ ಮೇಲೆ ಕೋಡ್ ಮಾಡಿ ಕೆತ್ತಿರ್ತಾರೆ. ಬಾಷ್‌ನಲ್ಲಿ ಐಎಂಎ ಕೋಡ್ ಅಂತಾರೆ, ಡೆಲ್ಫಿಯಲ್ಲಿ ಸಿ2ಐ, ಡೆನ್ಸೊದಲ್ಲಿ ಕ್ಯೂಆರ್. ಆ ಕೋಡನ್ನ ಸ್ಕ್ಯಾನರ್ ಹಾಕಿ ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಇಸಿಯು ಹೊಸ ಇಂಜೆಕ್ಟರನ್ನ ಹಳೇ ಇಂಜೆಕ್ಟರ್ ಅಂತಾನೇ ನಂಬಿಕೊಂಡು ಲೆಕ್ಕ ಹಾಕ್ತಾ ಇರುತ್ತೆ.

ಆ ಡ್ರೈವರ್ ಗಾಡಿಗೆ ಯಾರೂ ಸ್ಕ್ಯಾನರ್ ಹಾಕಿರಲಿಲ್ಲ. ಪಾರ್ಟ್ ನಂಬರೂ ಬೇರೆ ಇತ್ತು. ಬೆಂಚ್ ಮೇಲೆ ಹಾಕಿಸಿದಾಗ ಫುಲ್ ಲೋಡ್‌ನಲ್ಲಿ ಉಳಿದ ಮೂರಕ್ಕಿಂತ ಜಾಸ್ತಿ ಡೀಸೆಲ್ ಬಿಡ್ತಿತ್ತು, ಮುಚ್ಚಿದ ಮೇಲೂ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ತೂತು ಬಿದ್ದಿದ್ದು ಅದೇ ಸಿಲಿಂಡರ್‌ನ ಪಿಸ್ಟನ್.

4/7
"ನಮ್ದು ಪೆಟ್ರೋಲ್, ನಮಗೇನೂ ಆಗಲ್ಲ" ಅಂತ ಸ್ಕ್ರಾಲ್ ಮಾಡಬೇಡಿ. ನಿಮಗೂ ಇದೆ.

ಸಾಮಾನ್ಯ ಪೆಟ್ರೋಲ್ ಇಂಜೆಕ್ಟರ್‌ನಲ್ಲಿ ಪ್ರೆಷರ್ ಕಮ್ಮಿ, ಮೂರು ಬಾರ್ ಆಸುಪಾಸು. ಸಮಸ್ಯೆ ಬೇರೆ ಕಡೆ. ಕೆಲವು ಇಂಜೆಕ್ಟರ್ ಕಾಯಿಲ್ 12ರಿಂದ 16 ಓಮ್ ಇರುತ್ತೆ, ಕೆಲವು 2-3 ಓಮ್. 14 ಓಮ್ ಇರೋ ಜಾಗಕ್ಕೆ 2 ಓಮ್ ಹಾಕಿದ್ರೆ ಒಂದು ಆಂಪಿಯರ್ ಕೂಡ ಹರಿಯದ ಕಡೆ ಆರು ಆಂಪಿಯರ್ ಎಳೆಯೋಕೆ ಹೋಗುತ್ತೆ. ಇಸಿಯು ಒಳಗಿನ ಡ್ರೈವರ್ ಸುಟ್ಟರೆ ಇಂಜೆಕ್ಟರ್‌ನಲ್ಲಿ ಉಳಿಸಿದ ದುಡ್ಡು ಎಲ್ಲಿ ಹೋಯ್ತು? ಮಲ್ಟಿಮೀಟರ್ ಇಟ್ಟು ನೋಡೋಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಯಾರಿಗೂ ಇಲ್ಲ.

ಇನ್ನು ಪವರ್ ಜಾಸ್ತಿ ಮಾಡೋ ಹುಡುಗರು. ದೊಡ್ಡ ಗಾಡಿಯ ಇಂಜೆಕ್ಟರ್ ತಂದು ಸಣ್ಣ ಗಾಡಿಗೆ ಹಾಕೋದು. ತಮ್ಮಾ, ಪವರ್ ಬರೋದು ಗಾಳಿಯಿಂದ. ಗಾಳಿ ಅಷ್ಟೇ ಇದ್ದು ಪೆಟ್ರೋಲ್ ಮಾತ್ರ ಜಾಸ್ತಿ ಸುರಿದ್ರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹೋಗುತ್ತೆ, ಪ್ಲಗ್ ಕಪ್ಪಾಗುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಸಾಯುತ್ತೆ. ಉಲ್ಟಾ, ಕಮ್ಮಿ ಬಿಡೋ ಇಂಜೆಕ್ಟರ್ ಹಾಕಿದ್ರೆ ಇನ್ನೂ ಕೆಟ್ಟದ್ದು. ಫುಲ್ ಆಕ್ಸಿಲರೇಟರ್‌ನಲ್ಲಿ ಇಂಜಿನ್ ಲೀನ್ ಆಗಿ ಒಳಗೇ ಕರಗುತ್ತೆ.

5/7
"ಟೆಸ್ಟ್ ಡ್ರೈವ್ ಮಾಡಿದ್ವಲ್ಲ ಸಾರ್, ಬೆಣ್ಣೆ ಥರ ಓಡ್ತು."

ನನಗೆ ಅತಿ ಹೆಚ್ಚು ಸಿಟ್ಟು ಬರೋ ಮಾತು ಇದು. ಹೇಳೋನು ಸುಳ್ಳು ಹೇಳ್ತಿಲ್ಲ. ಇಸಿಯು ಅವನಿಗೆ ಸುಳ್ಳು ಹೇಳ್ತಿದೆ.

ಪೆಟ್ರೋಲ್ ಗಾಡಿಯಲ್ಲಿ ಐಡಲ್‌ನಲ್ಲಿ, ನಿಧಾನಕ್ಕೆ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು ತಪ್ಪು ತಿದ್ದುತ್ತಾ ಇರುತ್ತೆ. ಡೀಸೆಲ್‌ನಲ್ಲೂ ಐಡಲ್‌ನಲ್ಲಿ ಒಂದು ಸಿಲಿಂಡರ್ ಹಿಂದೆ ಬಿದ್ರೆ ಅದಕ್ಕೆ ಸ್ವಲ್ಪ ಜಾಸ್ತಿ, ಮುಂದೆ ಹೋದ್ರೆ ಸ್ವಲ್ಪ ಕಮ್ಮಿ ಕೊಟ್ಟು ಸಮ ಮಾಡುತ್ತೆ. ಗ್ಯಾರೇಜ್ ಮುಂದೆ ನಿಂತಾಗ, ಊರೊಳಗೆ ಎರಡು ಸುತ್ತು ಹೊಡೆದಾಗ ಎಲ್ಲ ಸರಿ ಕಾಣೋದು ಅದಕ್ಕೇ. ಫುಲ್ ಲೋಡ್‌ನಲ್ಲಿ ಆ ತಿದ್ದುಪಡಿ ಕೈಗೆ ಸಿಗಲ್ಲ. ಹೆಚ್ಚಿನ ಗಾಡಿಗಳು ಬರೆದಿಟ್ಟ ಮ್ಯಾಪ್ ನಂಬಿಕೊಂಡೇ ಓಡ್ತವೆ. ಮ್ಯಾಪ್ ಬರೆದಿರೋದು ಹಳೇ ಇಂಜೆಕ್ಟರ್‌ಗೆ.

ನಾಲ್ಕು ಜನ, ಡಿಕ್ಕಿ ತುಂಬ ಲಗೇಜ್, ಎಸಿ ಆನ್, ಮೂರನೇ ಗೇರ್, ಶಿರಾಡಿ. ಟೆಸ್ಟ್ ಡ್ರೈವ್ ಅಂದ್ರೆ ಅದು. ಅದನ್ನ ನೀವು ಮಾಡಲಿಲ್ಲ, ಆ ಡ್ರೈವರ್ ಕೈಲಿ ಮಾಡಿಸಿದ್ರಿ, ಅವನ ಖರ್ಚಲ್ಲಿ.

6/7
ಈಗ ಎದುರು ವಾದವನ್ನೂ ಕೇಳೋಣ, ನ್ಯಾಯವಾಗಿ.

"ಅಂಬಾಸಿಡರ್, ಮ್ಯಾಟಡೋರ್ ಕಾಲದಲ್ಲಿ ನಾವು ಹಾಕ್ತಿರಲಿಲ್ವಾ?" ಹಾಕ್ತಿದ್ರಿ, ಮೇಸ್ತ್ರೀ. ಆದರೆ ಕೈ ಪಂಪಿನ ಟೆಸ್ಟರ್‌ಗೆ ಕಟ್ಟಿ, ಎಷ್ಟು ಪ್ರೆಷರ್‌ಗೆ ನೋಸಲ್ ಬಿಚ್ಚುತ್ತೆ ನೋಡಿ, ಶಿಮ್ ಹಾಕಿ ಸರಿ ಮಾಡಿ, ಸ್ಪ್ರೇ ಕಣ್ಣಾರೆ ಕಂಡು ಆಮೇಲೆ ಹಾಕ್ತಿದ್ರಿ. ನೀವು ಕಲಿಸಿದ್ದು ಅಳೆದು ಹಾಕೋದನ್ನ. ಇವತ್ತಿನವರು ನಿಮ್ಮ ಹೆಸರು ಹೇಳ್ಕೊಂಡು ಅಳೆಯೋದನ್ನ ಬಿಟ್ಟಿದ್ದಾರೆ.

"ಹೊಸದು ದುಬಾರಿ." ನಿಜ, ಪೂರ್ತಿ ನಿಜ. ಒಂದು ಹೋದ್ರೆ ನಾಲ್ಕೂ ಬದಲಾಯಿಸಿ ಅಂತ ಎಸ್ಟಿಮೇಟ್ ಬರೆಯೋರನ್ನೂ ನಾನು ಸಮರ್ಥಿಸಲ್ಲ. ಬಡವನನ್ನ ಗುಜರಿ ಕಡೆ ತಳ್ಳೋದು ಆ ಎಸ್ಟಿಮೇಟೇ. ಆದರೆ ದುಬಾರಿ ಹೊಸದು, ಪರೀಕ್ಷೆ ಇಲ್ಲದ ಹಳೇದು, ಇವೆರಡರ ನಡುವೆ ದಾರಿ ಇದೆ:

• ಮೊದಲು ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕು ಸಣ್ಣ ಬಾಟಲಿ ಕಟ್ಟಿದ್ರೆ ನಿಜವಾಗಿ ಹೋಗಿರೋದು ಯಾವುದು ಅಂತ ಗೊತ್ತಾಗುತ್ತೆ.
• ಹೋಗಿರೋದನ್ನ ಪಂಪ್-ನೋಸಲ್ ಅಂಗಡಿಯಲ್ಲಿ ರಿಪೇರಿ ಆಗುತ್ತಾ ಕೇಳಿ.
• ಹಳೇದೇ ಹಾಕೋದಾದ್ರೆ ಪಾರ್ಟ್ ನಂಬರ್ ಅಕ್ಷರಕ್ಕಕ್ಷರ ಹೊಂದಬೇಕು. ಬೆಂಚ್ ರಿಪೋರ್ಟ್ ಕೈಯಲ್ಲಿರಬೇಕು.
• ಕೋಡ್ ಬರೆಯಬೇಕು. ತಾಮ್ರದ ವಾಷರ್ ಹೊಸದೇ ಹಾಕಬೇಕು.
• ಬೇರೆ ಸೈಜ್ ಹಾಕಲೇಬೇಕು ಅಂದ್ರೆ ಮ್ಯಾಪ್ ಕೂಡ ಹೊಸದಾಗಿ ಬರೆಸಿ, ಲೋಡ್‌ನಲ್ಲಿ ಅಳೆದು ನೋಡಿ.

ಇಷ್ಟು ಮಾಡಿದ್ರೆ ಹಳೇ ಇಂಜೆಕ್ಟರ್ ಹಾಕೋದಕ್ಕೆ ನನ್ನ ತಕರಾರಿಲ್ಲ. ನನ್ನ ಜಗಳ "ಕೂತಿದೆ, ಆಗುತ್ತೆ" ಅನ್ನೋ ಮಾತಿನ ಜೊತೆ.

7/7
ಕೊನೇ ಫೋಟೊದಲ್ಲಿರೋದು ನನ್ನ ಟೂಲ್ ಬಾಕ್ಸ್. ಅದರ ಮೂಲೆಯಲ್ಲಿ ಒಂದು ಹಳೇ ಇಂಜೆಕ್ಟರ್ ಕಾಣ್ತಿದೆಯಲ್ಲ, ಅದು ನಾನೇ ಒಬ್ಬರ ಗಾಡಿಗೆ ಹೀಗೇ ಹಾಕಿದ್ದು. ಕೆಲಸ ಕಲಿತು ಎರಡು ವರ್ಷ ಆಗಿತ್ತು, ಎಲ್ಲ ಗೊತ್ತು ಅನ್ನೋ ವಯಸ್ಸು. ಇಂಜಿನ್ ಉಳೀತು, ಮೈಲೇಜ್ ಬಿತ್ತು, ಹೊಗೆ ಬಂತು. ನನ್ನ ಖರ್ಚಲ್ಲೇ ಬಿಚ್ಚಿ ಸರಿ ಮಾಡಿಕೊಟ್ಟೆ. ನನ್ನ ಅದೃಷ್ಟ, ಆ ಗಾಡಿ ಘಾಟಿ ಹತ್ತಲಿಲ್ಲ. ಬಿಸಾಡದೆ ಇಟ್ಕೊಂಡಿರೋದು ನೆನಪಿರಲಿ ಅಂತ.

ಆ ಡ್ರೈವರ್ ಈಗ ಬೇರೆಯವರ ಗಾಡಿ ಓಡಿಸ್ತಿದ್ದಾನೆ, ದಿನಗೂಲಿಗೆ. ಅವನ ಗಾಡಿ ನಮ್ಮ ಶೆಡ್‌ನಲ್ಲಿ ಹೆಡ್ ಬಿಚ್ಚಿಕೊಂಡು ನಿಂತಿದೆ. ಕಂತು ಮಾತ್ರ ನಿಂತಿಲ್ಲ.

ನಾಳೆ ನಿಮ್ಮ ಗಾಡಿಗೆ ಯಾರಾದ್ರೂ ಇಂಜೆಕ್ಟರ್ ಹಾಕೋಕೆ ಬಂದ್ರೆ ಮೂರೇ ಪ್ರಶ್ನೆ ಕೇಳಿ: ಪಾರ್ಟ್ ನಂಬರ್ ತೋರ್ಸಿ. ಬೆಂಚ್ ರಿಪೋರ್ಟ್ ತೋರ್ಸಿ. ಕೋಡ್ ನನ್ನ ಎದುರಿಗೇ ಬರೀರಿ. ಒಳ್ಳೇ ಮೆಕ್ಯಾನಿಕ್‌ಗೆ ಇದರಿಂದ ಬೇಜಾರಾಗಲ್ಲ. ಬೇಜಾರಾದ್ರೆ ಬಾನೆಟ್ ಮುಚ್ಚಿಕೊಂಡು ಬನ್ನಿ.

ಸೇವ್ ಮಾಡ್ಕೊಳ್ಳಿ. ನಿಮ್ಮೂರ ಟ್ಯಾಕ್ಸಿ ಸ್ಟ್ಯಾಂಡಿನ ಗ್ರೂಪಿಗೆ ಕಳಿಸಿ.

#ಇಂಜೆಕ್ಟರ್ #ಡೀಸೆಲ್ #ಗ್ಯಾರೇಜ್‌ಮಾತು #ಕನ್ನಡದಲ್ಲಿಕಾರು