ಗಾಢ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೇ?

"ದಿನಕ್ಕೊಂದು ಲೋಟ ರೆಡ್ ವೈನ್ ಕುಡಿದರೆ ಹೃದಯ ಗಟ್ಟಿಯಾಗಿರುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಬಣ್ಣ ಗಾಢವಾದಷ್ಟೂ ಲಾಭ ಹೆಚ್ಚು ಎನ್ನುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು?

ಫ್ರಾನ್ಸಿನ ನೈಋತ್ಯದಲ್ಲಿ, ಪಿರೆನೀಸ್ ಪರ್ವತಗಳಿಗೆ ಹತ್ತಿರವಿರುವ ಮದಿರಾನ್ ಪ್ರದೇಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿನ ಎಷ್ಟೋ ವೈನ್ ತೋಟಗಳನ್ನು ನಡೆಸುವುದು ಕುಟುಂಬಗಳೇ. ಮುಖ್ಯ ತಳಿ 'ಟನಾ' ಎಂಬ ಕಪ್ಪು ದ್ರಾಕ್ಷಿ. ಇದರ ಸಿಪ್ಪೆ ಮತ್ತು ಬೀಜಗಳಲ್ಲಿ ಟ್ಯಾನಿನ್ ಬಹಳ. ಹೆಚ್ಚು ಹೊತ್ತು ಕುದಿಸಿದ ಚಹಾ ಒಗರಾಗುವುದೂ ಟ್ಯಾನಿನ್‌ಗಳಿಂದಲೇ. ಅವು ಎಂಜಲಿನಲ್ಲಿರುವ ಪ್ರೋಟೀನ್‌ಗೆ ಅಂಟಿಕೊಂಡಾಗ ಬಾಯಿ ಒಣಗಿದಂತೆ ಅನ್ನಿಸುತ್ತದೆ. ಇಂತಹ ವೈನನ್ನು 'ಫುಲ್ ಬಾಡಿ' ಎನ್ನುತ್ತಾರೆ. ಇದು ಬಾಯಿಗೆ ಸಿಗುವ ದಪ್ಪ, ಭಾರದ ಅನುಭವದ ಹೆಸರು, ಪೌಷ್ಟಿಕತೆಯ ಅಳತೆಯಲ್ಲ. ಈ ಭಾರದಲ್ಲಿ ಟ್ಯಾನಿನ್ ಜೊತೆಗೆ ಆಲ್ಕೋಹಾಲ್‌ನ ಪಾಲೂ ದೊಡ್ಡದು.

ನಂಬಿಕೆ ಹುಟ್ಟಿದ್ದು ಹೇಗೆ?

ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗದ ಸಾವು ಕಡಿಮೆ ಏಕೆ ಎಂಬ ಪ್ರಶ್ನೆಗೆ 'ಫ್ರೆಂಚ್ ಪ್ಯಾರಡಾಕ್ಸ್' ಎಂದು ಹೆಸರು. 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಟಿವಿ ಕಾರ್ಯಕ್ರಮದಲ್ಲಿ ವಿಜ್ಞಾನಿ ಸರ್ಜ್ ರೆನೋ ಇದಕ್ಕೆ ವೈನ್ ಕಾರಣವಿರಬಹುದು ಎಂದರು. ಅಮೆರಿಕದಲ್ಲಿ ರೆಡ್ ವೈನ್ ಮಾರಾಟ ಏರಿತು. 2006ರಲ್ಲಿ 'ನೇಚರ್' ಪತ್ರಿಕೆಯ ವರದಿಯೊಂದು, ಹೆಚ್ಚು ಜನ ದೀರ್ಘಕಾಲ ಬದುಕುವ ನೈಋತ್ಯ ಫ್ರಾನ್ಸಿನ ವೈನ್‌ಗಳಲ್ಲಿ ಪ್ರೊಸಯನಿಡಿನ್ ಎಂಬ ಟ್ಯಾನಿನ್ ಅಂಶ ಹೆಚ್ಚಿದೆ ಎಂದಿತು. ಪ್ರಯೋಗಾಲಯದಲ್ಲಿ ರಕ್ತನಾಳದ ಜೀವಕೋಶಗಳ ಮೇಲೆ ಅದರ ಪರಿಣಾಮ ಒಳ್ಳೆಯದಾಗಿ ಕಂಡಿತ್ತು.

ಎಡವಿದ್ದು ಎಲ್ಲಿ?

ಒಂದು ಊರಿನವರು ಹೆಚ್ಚು ಕಾಲ ಬದುಕುತ್ತಾರೆ, ಅವರು ವೈನ್ ಕುಡಿಯುತ್ತಾರೆ ಎಂದ ಮಾತ್ರಕ್ಕೆ ವೈನೇ ಕಾರಣ ಎನ್ನಲಾಗದು. ಅವರ ಊಟ, ದುಡಿಮೆ, ಆದಾಯ ಎಲ್ಲವೂ ಲೆಕ್ಕಕ್ಕೆ ಬರಬೇಕು. ಹಳೆಯ ಹಲವು ಅಧ್ಯಯನಗಳಲ್ಲಿ 'ಕುಡಿಯದವರ' ಗುಂಪಿನಲ್ಲಿ, ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರೂ ಸೇರಿದ್ದರು. ಹಾಗಾಗಿ ಮಿತವಾಗಿ ಕುಡಿಯುವವರೇ ಹೆಚ್ಚು ಆರೋಗ್ಯವಂತರಂತೆ ಕಂಡರು.

ಇನ್ನು ಹೆಸರುವಾಸಿಯಾದ ರೆಸ್ವೆರಟ್ರಾಲ್ ವಿಷಯ. ಒಂದು ಲೀಟರ್ ರೆಡ್ ವೈನ್‌ನಲ್ಲಿ ಇದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಲೀಟರಿಗೆ 5 ಮಿಲಿಗ್ರಾಂ ಎಂದುಕೊಂಡರೂ, 500 ಮಿಲಿಗ್ರಾಂ ಸಿಗಲು 100 ಲೀಟರ್ ಕುಡಿಯಬೇಕು!

ಆದರೆ ಆಲ್ಕೋಹಾಲ್ ಮಾತ್ರ ಮೊದಲ ಲೋಟದಲ್ಲೇ ಸಿಗುತ್ತದೆ. ಶೇ. 14ರ ವೈನ್ 150 ಮಿಲಿಲೀಟರ್ ಕುಡಿದರೆ ಸುಮಾರು 17 ಗ್ರಾಂ ಆಲ್ಕೋಹಾಲ್ ದೇಹ ಸೇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಹಾಗಾದರೆ ಏನು ಮಾಡಬೇಕು?

ಮದಿರಾನ್ ವೈನ್‌ನ ರುಚಿಯನ್ನು ಮೆಚ್ಚುವುದು ಬೇರೆ, ಅದನ್ನು ಔಷಧಿ ಎಂದು ನಂಬುವುದು ಬೇರೆ. ಕುಡಿಯುವ ಅಭ್ಯಾಸವಿಲ್ಲದವರು ಹೃದಯದ ಹೆಸರಿನಲ್ಲಿ ಶುರುಮಾಡಬೇಕಿಲ್ಲ. ಕುಡಿಯುವವರು ಕಡಿಮೆ ಮಾಡಿದಷ್ಟೂ ಒಳ್ಳೆಯದು. ಮನೆಯ ಹಿರಿಯರಿಗೆ ಹೃದ್ರೋಗವಿದ್ದರೆ ವೈದ್ಯರು ಬರೆದ ಮಾತ್ರೆಯನ್ನು ತಪ್ಪಿಸದೆ ಕೊಡಿ. ಅದರ ಜಾಗಕ್ಕೆ ವೈನ್ ಬಾರದಿರಲಿ. ದ್ರಾಕ್ಷಿಯ ಒಳ್ಳೆಯ ಗುಣ ಬೇಕೆಂದರೆ ಸಿಪ್ಪೆಸಹಿತ ಹಣ್ಣನ್ನೇ ತಿನ್ನಬಹುದಲ್ಲ!